ಒರೆಸುವ ಪುಸ್ತಕ

ಸಭೆಗೆ ಎಂಟು ಚಹಾ ಹೇಳಿದ್ದರು. ನಾನು ಒಂಬತ್ತು ಒಯ್ದೆ. ಇಂಥ ಸಭೆಗೆ ಕೊನೆಯ ಗಳಿಗೆಯಲ್ಲಿ ಒಬ್ಬರು ಹೆಚ್ಚಿಗೆ ಬಂದೇ ಬರುತ್ತಾರೆ. ರಾಣೇಬೆನ್ನೂರಿನ ಈ ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ಜವಾನನಾಗಿದ್ದೇನೆ. ಕಾಯಂ ಅಲ್ಲ. ಹೆಸರು ಕರಬಸಪ್ಪ. ಬೇರೆ ಏನು ತಪ್ಪಿದ್ದರೂ ಚಹಾದ ಎಣಿಕೆ ತಪ್ಪಿದ್ದಿಲ್ಲ.

ಹೆಚ್ಚಿಗೆ ಬಂದವರು ಕೊಟ್ರೇಶಪ್ಪನವರು. ಬ್ಯಾಡಗಿಯಲ್ಲಿ ಅವರದು ದೊಡ್ಡ ಮೆಣಸಿನಕಾಯಿ ವ್ಯಾಪಾರ. ನಮ್ಮ ಆಡಳಿತ ಮಂಡಳಿಯ ಸದಸ್ಯರು. ಅವರ ಮಗಳು ಸ್ನೇಹಾ ನಮ್ಮಲ್ಲೇ ಬಿ.ಎ. ಕೊನೆಯ ವರ್ಷ ಓದುತ್ತಿದ್ದಳು. ಹಾಜರಿ ಯಂತ್ರಗಳ ಖರ್ಚು ತಮ್ಮದೇ ಎಂದು ಅವರು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಕೈಯಲ್ಲಿ ಟ್ರೇ ಇತ್ತು. ತಟ್ಟಲಿಲ್ಲ.

ಗೋಡೆಯ ಮೇಲೆ ಬಣ್ಣದ ಚೌಕಗಳು ಬಿದ್ದಿದ್ದವು. ಐದು ವರ್ಷದ ತಂತ್ರಜ್ಞಾನ ಯೋಜನೆ. ಕಂಪ್ಯೂಟರ್ ಕಲಿಸುವ ಪ್ರವೀಣಕುಮಾರ ಸರ್ ಅದರ ಸಂಯೋಜಕರು. ಅವರು ಒಂದೊಂದು ಚೌಕಕ್ಕೂ ಕೋಲು ಮುಟ್ಟಿಸಿ ಹೇಳಿದರು. ಮೊದಲನೆಯ ಹಂತ, ಹೆಬ್ಬೆರಳಿನ ಹಾಜರಿ. ಎರಡನೆಯದು, ಸಭಾಂಗಣಕ್ಕೂ ಗ್ರಂಥಾಲಯಕ್ಕೂ ಬೆರಳಿನಿಂದ ತೆರೆಯುವ ಬಾಗಿಲು. ಮೂರನೆಯದು, ಪರೀಕ್ಷೆಯ ಕೋಣೆ. ಆಮೇಲೆ ಮಂಡಳಿಯ ನಾಲ್ಕೂ ಕಾಲೇಜುಗಳು.

"ವಿದ್ಯಾರ್ಥಿಗಳ ಕಡಿಂದ ಏನರ ತೊಂದರಿ ಬರ್ತೈತೇನು ನೋಡೀರೇನು?" ಎಂದು ಪ್ರಿನ್ಸಿಪಾಲ ವಿಜಯಮಹಾಂತೇಶ ಸರ್ ಕೇಳಿದರು.

"ಏನೂ ಇಲ್ರಿ ಸರ್. ಸರ್ವೇ ಮಾಡೇನಿ. ಫೋನಿಗೆ ಫಾರ್ಮ್ ಕಳಿಸಿದ್ದೆ. ತುಂಬಿದವರಾಗ ನೂರಕ್ಕ ನೂರು ಮಂದಿ ಹತ್ರ ಫೋನ್ ಐತಿ. ಬೆರಳು ಒತ್ತೂದು ಎಲ್ಲಾರಿಗೂ ರೂಢಿ."

ಎಲ್ಲರೂ ತಲೆ ಆಡಿಸಿದರು. ಫೋನ್ ಇಲ್ಲದವರು ಫೋನಿನ ಫಾರ್ಮು ಹೇಗೆ ತುಂಬುತ್ತಾರೆಂದು ಯಾರೂ ಕೇಳಲಿಲ್ಲ. ನನಗೆ ನಗು ಬಂತು. ಮರುಗಳಿಗೆಯಲ್ಲೇ ಅದು ನಿಂತಿತು. ನನ್ನ ಹೆಂಡತಿ ಪ್ರೇಮವ್ವನ ಹೆಬ್ಬೆರಳು ನೆನಪಾಗಿತ್ತು. ಹತ್ತು ವರ್ಷ ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಬೆರಳು. ರೇಷನ್ ಅಂಗಡಿಯ ಯಂತ್ರ ಅದನ್ನು ಓದುವುದಿಲ್ಲ. ಪ್ರತಿ ತಿಂಗಳು ನಾನೇ ಹೋಗಿ ಒತ್ತಿ ಅಕ್ಕಿ ತರಬೇಕು. ನಮ್ಮ ಕಾಲೇಜಿನಲ್ಲಿ ಅದೇ ಕೆಲಸ ಮಾಡುವ ಹುಡುಗಿಯರು ಇದ್ದಾರೆ. ನನಗೆ ಗೊತ್ತಿತ್ತು.

ಬಾಯಿ ತೆರೆದೆ. ಕೊಟ್ರೇಶಪ್ಪನವರು ನನ್ನ ಕಡೆ ನೋಡಿದರು. "ಸಕ್ಕರಿ ಕಮ್ಮಿ ಆಗೇತಿ" ಎಂದರು.

ನಾನು ಸಕ್ಕರೆ ತರಲು ಹೋದೆ. ಅಷ್ಟೇ ನಡೆದದ್ದು. ನಡೆದದ್ದೆಲ್ಲ ಅಲ್ಲಿಂದಲೇ.

ಫೆಬ್ರುವರಿಯಲ್ಲಿ ಯಂತ್ರ ಬಂತು. ಮುಖ್ಯ ಬಾಗಿಲಿನ ಕಂಬಕ್ಕೆ ಕೂರಿಸಿದರು. ಅಂಗೈಯಗಲದ ಕರಿ ಡಬ್ಬಿ, ನಡುವೆ ಹಸಿರು ಬೆಳಕಿನ ಗಾಜು. ಸರಿಯಾಗಿ ಒತ್ತಿದರೆ "ಧನ್ಯವಾದಗಳು" ಎನ್ನುವ ಹೆಣ್ಣು ದನಿ. ಇಲ್ಲದಿದ್ದರೆ "ದಯವಿಟ್ಟು ಮತ್ತೆ ಪ್ರಯತ್ನಿಸಿ". ಅದೇ ದಿನ ಪ್ರವೀಣಕುಮಾರ ಸರ್ ಎಲ್ಲ ಅಧ್ಯಾಪಕರ ಹಾಜರಿ ಪುಸ್ತಕಗಳನ್ನು ತರಿಸಿ ಕಪಾಟಿಗೆ ಹಾಕಿ ಕೀಲಿ ಹಾಕಿಸಿದರು. "ಎರಡೆರಡು ಹಾಜರಿ ಇಟ್ರ ಯಾವುದು ಖರೇ ಅಂತ ಜಗಳ ಬರ್ತೈತಿ. ಇನ್ನ ಪೆನ್ನಿನ ಹಾಜರಿ ಬಂದ್."

ದಿಲನಾಜ ಮೊದಲ ದಿನವೇ ಏಳು ಸಲ ಒತ್ತಿದಳು. ಬ್ಯಾಡಗಿಯ ಹುಡುಗಿ, ಸ್ನೇಹಾಳ ತರಗತಿ. ಗ್ರಂಥಾಲಯದಲ್ಲಿ ನಾನು ಧೂಳು ಹೊಡೆಯುವಾಗ ಬಂದು "ಕಾಕಾ, ಈ ಪುಸ್ತಕ ಚಲೋ ಐತೇನು?" ಎಂದು ಕೇಳುವವಳು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು. ಉಳಿದದ್ದನ್ನು ಆ ಕಪಾಟುಗಳ ಮುಂದೆ ನಿಂತು ಓದಿದ್ದೇನೆ. ಅದು ಅವಳಿಗೆ ಗೊತ್ತು. ಕಾಲೇಜಿನಲ್ಲಿ ನನ್ನನ್ನು ಪುಸ್ತಕದ ಬಗ್ಗೆ ಕೇಳಿದವರು ಅವಳೊಬ್ಬಳೇ.

ಏಳನೆಯ ಸಲವೂ ಯಂತ್ರ ದಯವಿಟ್ಟು ಮತ್ತೆ ಪ್ರಯತ್ನಿಸಿ ಅಂದಿತು.

"ನಿಮ್ಮ ಮಷೀನಿಗೆ ಬಾಳ ಮರ್ಯಾದಿ ಐತಿ ನೋಡ್ರಿ ಕಾಕಾ" ಎಂದಳು. "ದಯವಿಟ್ಟು ಅಂತ ಅಂದು ಹೊರಗ ನಿಂದರಸ್ತೈತಿ."

ಹಿಂದೆ ನಿಂತವರು ನಕ್ಕರು. ಅವಳೂ ನಕ್ಕಳು. ನಾನು ಅವಳ ಹೆಬ್ಬೆರಳು ನೋಡಿದೆ. ತುದಿ ನುಣುಪಾಗಿತ್ತು, ಕೆಂಪಗೆ ಹೊಳೆಯುತ್ತಿತ್ತು. ಗೆರೆ ಇರಲಿಲ್ಲ.

ಆ ಕೆಲಸ ನೋಡದವರಿಗೆ ಹೇಳಬೇಕು. ಮೆಣಸಿನಕಾಯಿಯ ರಾಶಿಯ ಸುತ್ತ ಹೆಂಗಸರು ಕೂರುತ್ತಾರೆ. ಎಡಗೈಯಲ್ಲಿ ಕಾಯಿ, ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ತೊಟ್ಟು. ಒಂದು ಚಿವುಟು. ಮತ್ತೊಂದು ಕಾಯಿ. ಮತ್ತೊಂದು ಚಿವುಟು. ಇಳಿಹೊತ್ತಿನವರೆಗೆ ಅದೇ. ಕೈಗೆ ಕೊಬ್ಬರಿ ಎಣ್ಣೆ ಸವರಿರುತ್ತಾರೆ, ಮನೆಗೆ ಹೋಗಿ ಮಜ್ಜಿಗೆಯಲ್ಲಿ ಅದ್ದುತ್ತಾರೆ. ಆದರೂ ಖಾರ ಚರ್ಮದ ಒಳಗೆ ಇಳಿಯುತ್ತದೆ. ಮೊದಲು ಉರಿ, ಆಮೇಲೆ ಸಿಪ್ಪೆ, ಆಮೇಲೆ ನುಣುಪು. ದಿಲನಾಜ ಕಾಲೇಜು ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬ್ಯಾಡಗಿಗೆ ಹೋಗಿ, ತಾಯಿ ಸೈದಾಬಿಯ ಪಕ್ಕ ಕೂತು ಕತ್ತಲಾಗುವವರೆಗೆ ಇದನ್ನೇ ಮಾಡುತ್ತಿದ್ದಳು. ಕೂರುತ್ತಿದ್ದದ್ದು ಕೊಟ್ರೇಶಪ್ಪನವರ ಅಂಗಳದಲ್ಲಿ.

ಎರಡನೆಯ ವಾರ ಅದು ನಡೆಯಿತು. ದಿಲನಾಜ ಐದಾರು ಸಲ ಗಾಜು ಒತ್ತಿ ಬದಿಗೆ ಸರಿದಳು. ಹಿಂದಿದ್ದ ಸ್ನೇಹಾ ಬಂದು ಹೆಬ್ಬೆರಳು ಒತ್ತಿದಳು, ಧನ್ಯವಾದಗಳು ಅನ್ನಿಸಿಕೊಂಡಳು, ಅದೇ ಬೆರಳಿನಿಂದ ಕಣ್ಣು ಉಜ್ಜಿದಳು. ಅಲ್ಲೇ ಕುಸಿದು ಕೂತಳು. ಚರ್ಮದಲ್ಲಿ ಉಳಿದ ಖಾರ ಗಾಜಿಗೆ ಹತ್ತಿತ್ತು, ಗಾಜಿನಿಂದ ಇವಳ ಬೆರಳಿಗೆ.

ಎಲ್ಲರೂ ನೋಡುತ್ತ ನಿಂತರು. ಓಡಿ ಬಂದವಳು ದಿಲನಾಜ. "ಉಜ್ಜಬ್ಯಾಡ, ಉಜ್ಜಬ್ಯಾಡ" ಎನ್ನುತ್ತ ತನ್ನ ಕೈಯನ್ನು ದುಪ್ಪಟ್ಟಾದಲ್ಲಿ ಸುತ್ತಿಕೊಂಡು ಬಾಟಲಿಯ ನೀರು ಸುರಿದಳು. ತನ್ನ ಕೈ ತಾಗದ ಹಾಗೆ. ಅದು ಅವಳಿಗೆ ರೂಢಿ. ಮನೆಯಲ್ಲಿ ತಮ್ಮನ ಮುಖ ತೊಳೆಯುವಾಗಲೂ ಹಾಗೇ.

ಕೊಟ್ರೇಶಪ್ಪನವರು ಮರುದಿನ ಬಂದರು. ನಾನು ಚಹಾ ಒಯ್ದೆ.

"ನನ್ನ ಮಗಳ ಕಣ್ಣು ಹೋಗಿದ್ರ ಯಾರು ಜವಾಬ್ದಾರಿ?" ಎಂದು ಕೇಳುತ್ತಿದ್ದರು. "ಆ ಹುಡುಗ್ಯಾರು ಮುಟ್ಟಿದ್ದನ್ನ ಎಲ್ಲಾರೂ ಮುಟ್ಟಬೇಕೇನು?"

ಖಾರ ಯಾರ ಅಂಗಳದ್ದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಎರಡನೆಯ ಸಲ.

ಮೂರು ದಿನಕ್ಕೆ ಯೋಜನೆಗೆ ಒಂದು ಪುಟ ಸೇರಿತು. ವಿಶೇಷ ವರ್ಗದ ವಿದ್ಯಾರ್ಥಿನಿಯರಿಗೆ ಪ್ರತ್ಯೇಕ ಸಾಲು. ಪ್ರವೀಣಕುಮಾರ ಸರ್ ನನಗೆ ನಾಲ್ಕು ವಸ್ತು ಕೊಟ್ಟರು. ನೈಲಾನ್ ಹಗ್ಗ. ಸ್ಪಿರಿಟ್ ಬಾಟಲಿ. ಬಿಳಿ ಬಟ್ಟೆ. ನೂರು ಪುಟದ ನೋಟ್‌ಬುಕ್ಕು.

"ಹಗ್ಗ ಕಟ್ಟು. ಮೆಣಸಿನಕಾಯಿ ಹುಡುಗ್ಯಾರು ಆ ಕಡೆ. ಎಲ್ಲಾರದೂ ಮುಗದ ಮ್ಯಾಲ ಅವರು. ಒಬ್ಬಾಕಿ ಒತ್ತಿದ ಕೂಡ್ಲೇ ಗಾಜು ಒರಸು. ಒರಸಿದ್ದನ್ನ ಬರಿ."

"ಬರಿಯೋದು ಯಾಕ್ರಿ ಸರ್?"

"ಒರಸ್ತಾರೋ ಇಲ್ಲೋ ಅಂತ ಕೊಟ್ರೇಶಪ್ಪನವರು ಪುರಾವೆ ಕೇಳ್ತಾರ. ದಿನಾಂಕ, ವೇಳೆ, ಹೆಸರು, ಒರಸಿದ್ದು. ಶನಿವಾರಕ್ಕೊಮ್ಮೆ ನಾನು ಸಹಿ ಮಾಡ್ತೇನಿ."

ಹನ್ನೊಂದು ಹುಡುಗಿಯರು. ಬ್ಯಾಡಗಿಯವರು ಎಂಟು, ಮೋಟೆಬೆನ್ನೂರಿನವರು ಮೂವರು. ಬೆಳಿಗ್ಗೆ ಎಂಟೂಕಾಲಿಗೆ ಬಂದು ಹಗ್ಗದ ಆ ಕಡೆ ನಿಲ್ಲುತ್ತಿದ್ದರು. ಆರುನೂರು ಮಂದಿ ಅವರೆದುರೇ ಒತ್ತಿ ಒಳಗೆ ಹೋಗುತ್ತಿದ್ದರು. ಗಂಟೆ ಹೊಡೆಯುತ್ತಿತ್ತು. ಆಮೇಲೆ ಇವರು. ಒಬ್ಬಳು ಒತ್ತುವಳು, ಯಂತ್ರ ಮತ್ತೆ ಪ್ರಯತ್ನಿಸಿ ಎನ್ನುವುದು, ಮತ್ತೆ ಒತ್ತುವಳು, ನಾನು ಒರೆಸುವೆ. ಬರೆಯುವೆ. ಮುಂದಿನವಳು. ತರಗತಿಗೆ ಹೋಗುವಷ್ಟರಲ್ಲಿ ಕಾಲು ಗಂಟೆ ಪಾಠ ಮುಗಿದಿರುತ್ತಿತ್ತು. ಬಹಳಷ್ಟು ದಿನ ಯಂತ್ರದ ಪ್ರಕಾರ ಅವರು ಬಂದೇ ಇರುತ್ತಿರಲಿಲ್ಲ.

ನನ್ನಪ್ಪ ನಮ್ಮೂರ ಹೋಟೆಲಿನ ಹೊರಗೆ ಮೊಳೆಗೆ ನೇತುಹಾಕಿದ ಲೋಟ ತೆಗೆದುಕೊಂಡು ಚಹಾ ಕುಡಿದು, ತಾನೇ ತೊಳೆದು, ಅಲ್ಲೇ ನೇತುಹಾಕಿ ಬರುತ್ತಿದ್ದ. ನಾನು ಅವನ ಬೆರಳು ಹಿಡಿದು ನಿಂತಿರುತ್ತಿದ್ದೆ. ಆ ಲೋಟ ಹೋಯಿತು, ಆ ಕಾಲ ಮುಗಿಯಿತು ಅಂದುಕೊಂಡಿದ್ದೆ. ಈಗ ಹಗ್ಗ ನನ್ನ ಕೈಯಲ್ಲೇ ಇತ್ತು. ಬಟ್ಟೆಯೂ ನನ್ನ ಕೈಯಲ್ಲೇ.

"ಕಾಕಾ, ನಮ್ಮನ್ನ ಒರಸಾಕ ನಿಮಗ ಪಗಾರ ಹೆಚ್ಚ ಮಾಡ್ಯಾರೇನು?" ಎಂದಳು ಒಂದು ದಿನ ದಿಲನಾಜ. ನಗುತ್ತಲೇ.

"ಇಲ್ಲವ್ವ."

"ಹಂಗಾರ ಇಷ್ಟ್ಯಾಕ ಜೋರಾಗಿ ತಿಕ್ಕಾಕತ್ತೀರಿ?"

ನನ್ನ ಕೈ ನಿಂತಿತು. ಅವಳು ಹೋದ ಮೇಲೆ ಬರೆದೆ. ಎಂಟು ಐವತ್ತೊಂಬತ್ತು. ದಿಲನಾಜ. ಒರೆಸಿದೆ.

ರಂಜಾನ್ ಹಬ್ಬಕ್ಕೆ ಅವಳು ಕೆಲವು ದಿನ ಅಂಗಳಕ್ಕೆ ಹೋಗಲಿಲ್ಲ. ರಜೆ ಕಳೆದು ಬಂದಾಗ ಯಂತ್ರ ಒಂದೇ ಒತ್ತಿಗೆ ಧನ್ಯವಾದಗಳು ಅಂದಿತು. ಅವಳು ಬೆಚ್ಚಿದಳು. ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿಕೊಂಡಳು. ಹೊಸ ಚರ್ಮದ ಮೇಲೆ ಸಣ್ಣಗೆ ಗೆರೆಗಳು ಮೂಡಿದ್ದವು.

"ಹೊಳ್ಳಿ ಬಂದಾವ ಕಾಕಾ" ಎಂದಳು.

ನಾಲ್ಕು ದಿನ ಯಂತ್ರ ಅವಳನ್ನು ಗುರುತಿಸಿತು. ಐದನೆಯ ದಿನ ಗೆರೆ ಮತ್ತೆ ಇರಲಿಲ್ಲ. ಕೆಲಸ ಬಿಟ್ಟರೆ ಅವಳು ಕಾಲೇಜಿನಲ್ಲಿ ಇದ್ದಾಳೆ. ಕೆಲಸ ಬಿಟ್ಟರೆ ಅವಳು ಕಾಲೇಜಿಗೆ ಬರುವುದು ಹೇಗೆ?

ಮೇ ತಿಂಗಳಲ್ಲಿ ಪಟ್ಟಿ ಅಂಟಿಸಿದರು. ಅಂಟಿಸಿದವನು ನಾನೇ. ಹಾಜರಿ ಕಡಿಮೆ ಇದ್ದವರಿಗೆ ಹಾಲ್‌ಟಿಕೆಟ್ ಇಲ್ಲ. ಹನ್ನೊಂದೂ ಹೆಸರು. ದಿಲನಾಜ, ಎಪ್ಪತ್ತನಾಲ್ಕು ದಿನಕ್ಕೆ ಇಪ್ಪತ್ತೆರಡು. ಕೊನೆಯ ಪರೀಕ್ಷೆ. ಬಿ.ಎಡ್. ಮಾಡಿ ಶಾಲೆಯಲ್ಲಿ ಕಲಿಸಬೇಕು ಅನ್ನುತ್ತಿದ್ದ ಹುಡುಗಿ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಕೆಟ್ಟವರಲ್ಲದವರು ಮಾಡುವುದನ್ನೇ ಅವರೂ ಮಾಡಿದರು. ನನ್ನನ್ನು ಕರೆದು ಒಂದು ಟೈಪ್ ಮಾಡಿದ ಕಾಗದವನ್ನೂ ಶಾಯಿಯ ಡಬ್ಬಿಯನ್ನೂ ಕೊಟ್ಟರು.

"ಕರಬಸಪ್ಪ, ನಾಳೆ ಐತವಾರ ಬ್ಯಾಡಗಿಗೆ ಹೋಗಿ ಬಾ. ದಿಲನಾಜನ ತಾಯಿದು ಇದರ ಮ್ಯಾಲ ಹೆಬ್ಬಟ್ಟು ಹಾಕಿಸ್ಕೊಂಡು ಬಾ. ಆಕಿದು ಆದ್ರ ಉಳದ ಹತ್ತೂ ಜನ ತಾವ ಕೊಡ್ತಾರ. ದಯೆಯ ಮ್ಯಾಲ ಪರೀಕ್ಷಾಕ್ಕ ಕುಂದ್ರಸ್ತೀನಿ."

ಕಾಗದ ಮಡಚಿ ಜೇಬಿನಲ್ಲಿಟ್ಟೆ. ಬಸ್ಸಿನಲ್ಲಿ ಬಿಚ್ಚಿ ಓದಿದೆ. ಮತ್ತೆ ಮಡಚಿದೆ.

ಕೊಟ್ರೇಶಪ್ಪನವರ ಅಂಗಳ ನಾನು ಕಾಣುವ ಮೊದಲೇ ಮೂಗಿಗೆ ಬಡಿಯಿತು. ಗಂಟಲು ಹಿಡಿಯಿತು. ತಗಡಿನ ಚಪ್ಪರದ ಕೆಳಗೆ ಕೆಂಪು ರಾಶಿಗಳು, ಸುತ್ತ ನಲವತ್ತು ಹೆಂಗಸರು. ಮೂಗಿಗೆ ಸೆರಗು ಕಟ್ಟಿದ್ದರು. ಕೆಮ್ಮು ಒಂದು ಮೂಲೆಯಲ್ಲಿ ಶುರುವಾಗಿ ಇನ್ನೊಂದು ಮೂಲೆಗೆ ಹೋಗುತ್ತಿತ್ತು. ಯಾರೂ ಕೈ ನಿಲ್ಲಿಸುತ್ತಿರಲಿಲ್ಲ.

"ಬರ್ರಿ ಅಣ್ಣಾರ, ಬರ್ರಿ" ಎಂದಳು ಸೈದಾಬಿ. ಮಗಳಿಂದ ನನ್ನ ಸುದ್ದಿ ಕೇಳಿದ್ದಳು. "ಕುಂದ್ರಿ. ಎಲ್ಲಿ ಕುಂದ್ರತೀರಿ, ಎಲ್ಲಿ ಕುಂತ್ರೂ ಉರಿತೈತಿ."

"ಕಾಕಾ ನಮ್ಮ ಕೈ ಮುಟ್ಟೂದಿಲ್ಲಮ್ಮಿ, ಬಟ್ಟಿ ತಂದಾರೋ ಇಲ್ಲೋ ನೋಡು" ಎಂದಳು ಪಕ್ಕದಲ್ಲಿ ಕೂತಿದ್ದ ದಿಲನಾಜ. ಆ ದಿನ ನಗು ಇರಲಿಲ್ಲ.

ಪಕ್ಕದಲ್ಲಿ ಜಯವ್ವ ಎನ್ನುವ ಮುದುಕಿ ಇದ್ದಳು. "ಏ ಹುಡುಗಿ, ದೊಡ್ಡವರಿಗೆ ಹಂಗ ಅನಬಾರ್ದು" ಎಂದು ಗದರಿದಳು. ಆಮೇಲೆ ನನಗೆ, "ಆದ್ರೂ ನೀವು ಹಂಗ ಮಾಡಬಾರ್ದಿತ್ರಿ" ಎಂದಳು.

ನಾನು ಕಾಗದ ತೆಗೆದೆ. ಶಾಯಿಯ ಡಬ್ಬಿ ತೆಗೆದೆ. ಇದಕ್ಕೆ ಹೆಬ್ಬೆಟ್ಟು ಹಾಕಿದರೆ ಮಗಳಿಗೆ ಪರೀಕ್ಷೆ ಕೊಡುತ್ತಾರೆ ಎಂದೆ.

ಸೈದಾಬಿ ತೊಟ್ಟು ಚಿವುಟುವುದನ್ನು ನಿಲ್ಲಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. "ತರ್ರಿ ಮತ್ತ. ಹೆಬ್ಬಟ್ಟಿಗೇನು. ಇದರಾಗ ಏನೂ ಉಳದಿಲ್ಲ, ಆದ್ರೂ ಕಾಗದಕ್ಕ ನಡೀತೈತಿ." ಬೆರಳನ್ನು ಶಾಯಿಗೆ ಒತ್ತಿದಳು. ಆಮೇಲೆ ತಡೆದಳು. "ಏನ್ ಬರದೈತಿ ಒಂದೀಟು ಓದ್ರಿ."

ಓದಬಾರದಿತ್ತೇನೋ. ಓದಿದೆ. "ನನ್ನ ಮಗಳಾದ ದಿಲನಾಜ ಇವಳಿಗೆ ಅಂಟು ಚರ್ಮರೋಗವಿದ್ದು, ಅದರಿಂದ ಹಾಜರಿ ನೀಡಲು ಅಸಮರ್ಥಳಾಗಿರುತ್ತಾಳೆ. ಇದರಲ್ಲಿ ಕಾಲೇಜಿನ ತಪ್ಪು ಯಾವುದೂ ಇರುವುದಿಲ್ಲ. ದಯಮಾಡಿ ಕ್ಷಮಿಸಿ ಪರೀಕ್ಷೆಗೆ ಅವಕಾಶ ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ."

ಕೆಮ್ಮು ಕೂಡ ನಿಂತಿತು. ಅಥವಾ ನನಗೆ ಹಾಗನ್ನಿಸಿತು.

"ಅಂಟುರೋಗ ಅಂದ್ರ?" ಎಂದಳು ಸೈದಾಬಿ.

"ಒಬ್ಬರಿಂದ ಒಬ್ಬರಿಗೆ ಹತ್ತೂದು."

ಅವಳು ತನ್ನ ಶಾಯಿಯ ಬೆರಳು ನೋಡಿದಳು. ಮಗಳನ್ನು ನೋಡಿದಳು. "ಹಾಕ್ತೇನಿ" ಎಂದಳು. "ರೋಗ ಅಂತ ಬರದ್ರ ರೋಗ ಬರ್ತೈತೇನು. ಪರೀಕ್ಷಾ ಆಗ್ಲಿ. ಈ ರಾಶಿ ಮುಂದಿಂದ ಎದ್ದು ಹೋಗ್ಲಿ ಇಕಿ."

ಬೆರಳು ಕಾಗದದಿಂದ ಒಂದು ಗೇಣು ದೂರ ಇತ್ತು. ದಿಲನಾಜ ತಾಯಿಯ ಮಣಿಕಟ್ಟು ಹಿಡಿದಳು.

"ಬ್ಯಾಡ ಅಮ್ಮಿ."

"ಬಿಡು."

"ಇದನ್ನ ಒತ್ತಿದ್ರ ನಾಳೆ ಯಾವ ಸಾಲಿ ನನ್ನನ್ನ ಪಾಠ ಹೇಳಾಕ ಹುಡುಗೂರ ಮುಂದ ನಿಂದರಸ್ತೈತಿ? ಅಂಟುರೋಗದಾಕಿನ್ನ ಯಾರು ಒಳಗ ಕರೀತಾರ?" ಅವಳ ದನಿ ಏರಲಿಲ್ಲ. "ನನಗ ರೋಗ ಇಲ್ಲ. ನಾನು ಕೆಲಸ ಮಾಡೇನಿ. ಎಪ್ಪತ್ತನಾಲ್ಕು ದಿನ ಕಾಲೇಜಿಗೂ ಹೋಗೇನಿ. ಜ್ವರ ಬಂದಾಗೂ ಹೋಗೇನಿ. ಕ್ಷಮಾ ನಾ ಕೇಳೂದಿಲ್ಲ."

ತಾಯಿಯ ಬೆರಳಿನಿಂದ ಶಾಯಿ ಒಂದು ಮೆಣಸಿನಕಾಯಿಯ ಮೇಲೆ ತೊಟ್ಟಿಕ್ಕಿತು. ದಿಲನಾಜ ನನ್ನ ಕಡೆ ತಿರುಗಿದಳು.

"ಕಾಕಾ, ಆ ಒರಸೂ ಪುಸ್ತಕದಾಗ ನನ್ನ ಹೆಸರು ಎಷ್ಟ ಸಲ ಐತಿ?"

ನಾನು ಎಂದೂ ಎಣಿಸಿರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಕಾಲೇಜಿಗೆ ಹೋಗಿ ಎಣಿಸಿದೆ. ಹಗ್ಗ ಕಟ್ಟಿದ ದಿನದಿಂದ ಅರವತ್ತೊಂದು ದಿನ. ದಿಲನಾಜ ಅರವತ್ತೊಂದು ಸಲ. ಎದುರಿಗೆ ವೇಳೆ. ವಾರಕ್ಕೊಮ್ಮೆ ಕೆಳಗೆ ಪ್ರವೀಣಕುಮಾರ ಸರ್ ಅವರ ಸಹಿ, ಬಾಲ ಎಳೆದ ದೊಡ್ಡ ಸಹಿ. ಆ ಹನ್ನೊಂದು ಹುಡುಗಿಯರನ್ನು ಮುಟ್ಟಿಸಿಕೊಳ್ಳಬಾರದೆಂದು ಇಡಿಸಿದ ಪುಸ್ತಕ. ಇಡೀ ಕಾಲೇಜಿನಲ್ಲಿ ಅವರು ಬಂದಿದ್ದರು ಎನ್ನುವುದಕ್ಕೆ ಅದೊಂದೇ ಸಾಕ್ಷಿ.

ಕಾಗದವನ್ನು ಪ್ರಿನ್ಸಿಪಾಲರ ಮೇಜಿನ ಮೇಲೆ ಖಾಲಿಯೇ ಇಟ್ಟೆ. "ಒಲ್ಲೆ ಅಂದ್ರು" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಮಧ್ಯಾಹ್ನ ಪ್ರವೀಣಕುಮಾರ ಸರ್ ಬಂದರು. "ಆ ನೋಟ್‌ಬುಕ್ಕು ಕೊಡು. ಹೊಸಾದು ಕೊಡ್ತೇನಿ."

"ಇನ್ನ ಹಾಳಿ ಉಳದಾವ್ರಿ."

"ಕೊಡು ಅಂದ್ರ ಕೊಡು."

"ಮನ್ಯಾಗ ಐತ್ರಿ ಸರ್."

ಅದು ನನ್ನ ಅಂಗಿಯ ಒಳಗೆ, ಹೊಟ್ಟೆಗೆ ಅಂಟಿಕೊಂಡಿತ್ತು. ಅವರು ಒಂದು ಹೆಜ್ಜೆ ಹತ್ತಿರ ಬಂದರು. "ನಾಳೆ ತರ್ಬೇಕು" ಎಂದರು. ದನಿ ಮೆತ್ತಗಿತ್ತು. ಇಪ್ಪತ್ತಮೂರು ವರ್ಷದಲ್ಲಿ ಅಷ್ಟು ಮೆತ್ತಗೆ ಯಾರೂ ನನ್ನೊಡನೆ ಮಾತಾಡಿರಲಿಲ್ಲ.

ಮರುದಿನ ಯೋಜನೆಯ ಪರಿಶೀಲನೆ. ಮಂಡಳಿಯ ದೊಡ್ಡವರು ಹಾವೇರಿಯಿಂದ ಬಂದಿದ್ದರು. ಸಭಾಂಗಣಕ್ಕೆ ಆಗಲೇ ಹೊಸ ಬಾಗಿಲು ಬಂದಿತ್ತು. ಸಿಬ್ಬಂದಿಯ ಬೆರಳಿಗೆ ಮಾತ್ರ ತೆರೆಯುವ ಬಾಗಿಲು. ಹನ್ನೆರಡು ಚಹಾ ಹೇಳಿದ್ದರು. ನಾನು ಹದಿಮೂರು ಒಯ್ದೆ.

ಹೊರಗೆ ಹನ್ನೊಂದು ಹುಡುಗಿಯರು ನಿಂತಿದ್ದರು. ಅರವತ್ತೊಂದು ಸಲ, ವಾರಕ್ಕೊಂದು ಸಹಿ ಎಂದು ಬೆಳಿಗ್ಗೆಯೇ ದಿಲನಾಜಗೆ ಹೇಳಿದ್ದೆ. ಕೂಗಲಿಲ್ಲ. ಗಾಜಿನ ಬಾಗಿಲಿನ ಆ ಕಡೆ ಸಾಲಾಗಿ, ಹಗ್ಗದ ಹಿಂದೆ ನಿಲ್ಲುವ ಹಾಗೇ ನಿಂತಿದ್ದರು. ಒಳಗಿನವರಿಗೆ ಕಾಣುತ್ತಿದ್ದರು. ಯಾರೂ ಆ ಕಡೆ ನೋಡುತ್ತಿರಲಿಲ್ಲ.

ಗೋಡೆಯ ಮೇಲೆ ಮತ್ತೆ ಬಣ್ಣದ ಚೌಕಗಳು. "ಮೊದಲ ಹಂತ ನೂರಕ್ಕ ನೂರು ಯಶಸ್ವಿ ಆಗೇತಿ" ಎಂದರು ಪ್ರವೀಣಕುಮಾರ ಸರ್. "ಹೊರಗುಳದವರು ಸೊನ್ನೆ."

ಹಾವೇರಿಯ ಹಿರಿಯರು ಕೇಳಿದರು, "ಹನ್ನೊಂದು ಹುಡುಗ್ಯಾರ ಸಮಸ್ಯೆ ಐತಿ ಅಂತ ಕೇಳಿದ್ದೆ?"

"ಅವರು ಕಾಲೇಜು ಬಿಟ್ಟಾರ್ರಿ ಸರ್. ಬಿಟ್ಟವರ ಪಟ್ಟಿಗೆ ಸೇರಸೇನಿ. ಹಿಂಗಾಗಿ ಸೊನ್ನೆ."

ಬಿಟ್ಟವರು ಗಾಜಿನ ಆ ಕಡೆ ನಿಂತಿದ್ದರು. ದಿಲನಾಜ ಬಾಗಿಲಿನ ಯಂತ್ರದ ಮೇಲೆ ಹೆಬ್ಬೆರಳು ಒತ್ತಿದಳು. ದಯವಿಟ್ಟು ಮತ್ತೆ ಪ್ರಯತ್ನಿಸಿ. ಮತ್ತೆ ಒತ್ತಿದಳು. ಆ ಹೆಣ್ಣು ದನಿ ಒಳಗೂ ಕೇಳಿಸಿತು. ಮೂರನೆಯ ಸಲ. ನಾಲ್ಕನೆಯ ಸಲ. ಪ್ರವೀಣಕುಮಾರ ಸರ್ ದನಿ ಏರಿಸಿ ಮಾತು ಮುಂದುವರಿಸಿದರು.

ಹದಿಮೂರು ಕಪ್ಪಿನ ಟ್ರೇ ನನ್ನ ಕೈಯಲ್ಲಿತ್ತು. ಕೊಟ್ರೇಶಪ್ಪನವರ ಮುಂದಿನ ಮೇಜಿಗೆ ಅದನ್ನು ಇಟ್ಟುಬಿಟ್ಟೆ. ಹಂಚಲಿಲ್ಲ.

"ಏ, ಚಹಾ ಕೊಡಲೇ" ಎಂದರು ಅವರು.

ಬಾಗಿಲಿಗೆ ನಡೆದೆ. ಒಳಗಿನ ಯಂತ್ರದ ಗಾಜಿನ ಮೇಲೆ ನನ್ನ ಹೆಬ್ಬೆರಳು ಒತ್ತಿದೆ. ಧನ್ಯವಾದಗಳು ಎಂದಿತು ಯಂತ್ರ. ಬಾಗಿಲು ತೆರೆಯಿತು.

ಹನ್ನೊಂದೂ ಮಂದಿ ಒಳಗೆ ಬಂದರು. ಮೆಣಸಿನಕಾಯಿಯ ವಾಸನೆ ಅವರ ಜೊತೆ ಬಂತು. ಯಾರೋ ಸೀನಿದರು. ಅಂಗಿಯ ಒಳಗಿಂದ ಪುಸ್ತಕ ತೆಗೆದೆ. ದಿಲನಾಜ ಅದನ್ನು ತೆಗೆದುಕೊಂಡಳು. ಮೊದಲ ಹಾಳೆಯಿಂದ ಓದಿದಳು.

"ಫೆಬ್ರುವರಿ ಹತ್ತೊಂಬತ್ತು. ಎಂಟು ಐವತ್ತೆಂಟು. ದಿಲನಾಜ. ಒರೆಸಿದೆ. ಎಂಟು ಐವತ್ತೊಂಬತ್ತು. ಬೇನಜೀರ. ಒರೆಸಿದೆ. ಒಂಬತ್ತು ಗಂಟೆ. ಸಲ್ಮಾ. ಒರೆಸಿದೆ. ಫೆಬ್ರುವರಿ ಇಪ್ಪತ್ತು."

"ಇದೇನಿದು?" ಎಂದರು ಹಾವೇರಿಯ ಹಿರಿಯರು.

"ನಮ್ಮ ಹಾಜರಿ ಪುಸ್ತಕ್ರಿ. ನಾವು ಮುಟ್ಟಿದ ಮ್ಯಾಲ ಗಾಜು ತೊಳದದ್ದು ಬರದಾರ. ಪ್ರತಿ ಶನಿವಾರ ಇವರ ಸಹಿ ಐತಿ." ಅವಳು ಪ್ರವೀಣಕುಮಾರ ಸರ್ ಕಡೆ ಬೆರಳು ಮಾಡಲಿಲ್ಲ. ಸುಮ್ಮನೆ ನೋಡಿದಳು. "ಕಾಲೇಜು ಬಿಟ್ಟವರು ಮುಟ್ಟಿದ ಗಾಜನ್ನ ದಿನಾ ಹೆಂಗ ಒರಸಿದ್ರಿ ಸರ್?"

ಚಹಾ ಕೆನೆಗಟ್ಟುತ್ತಿತ್ತು.

ಹಿರಿಯರು ಕೈ ಚಾಚಿದರು. "ಪುಸ್ತಕ ಇಲ್ಲಿ ಇಟ್ಟು ಹೋಗ್ರಿ. ವಿಚಾರ ಮಾಡೋಣಂತ."

"ಪುಸ್ತಕ ನಮ್ಮ ಹತ್ರ ಇರ್ತೈತ್ರಿ. ಹಾಲ್‌ಟಿಕೆಟ್ ಕೊಟ್ಟ ದಿನ ತಗೋರಿ."

"ಶನಿವಾರದೊಳಗ ಹೇಳ್ತೇವಿ" ಎಂದರು ಪ್ರಿನ್ಸಿಪಾಲರು. ಪರೀಕ್ಷೆ ಸೋಮವಾರ ಶುರು.

ಹೊರಗೆ ಹೋಗುವಾಗ ಕೊಟ್ರೇಶಪ್ಪನವರು ಎದ್ದು ಬಂದರು. ದಿಲನಾಜಳ ಕಿವಿಯ ಹತ್ತಿರ ಬಾಗಿ, ಮನೆಯವರಂತೆ ಹೇಳಿದರು. "ನಿಮ್ಮವ್ವಗ ಹೇಳವಾ. ನಾಳಿಂದ ಬರೂದು ಬ್ಯಾಡ. ದಣದಾಳ. ಆರಾಮ ತಗೋಳ್ಳಿ."

"ಹೇಳ್ತೇನ್ರಿ" ಎಂದಳು. ಪುಸ್ತಕವನ್ನು ಇನ್ನೂ ಗಟ್ಟಿಯಾಗಿ ಹಿಡಿದಳು.

ಸ್ನೇಹಾ ಸಭಾಂಗಣದ ಹೊರಗಿನ ಕಂಬಕ್ಕೆ ಒರಗಿ ನಿಂತಿದ್ದಳು. ಏನೋ ಹೇಳಲು ಬಂದಳು. ಅಪ್ಪನನ್ನು ನೋಡಿ ನಿಂತಳು. ನನಗೆ ಅವಳ ಸಂಕಟ ಗೊತ್ತು. ನಾನೂ ಹಾಗೇ ಸಕ್ಕರೆ ತರಲು ಹೋಗಿದ್ದೆ.

ಮರುದಿನ ಬೆಳಿಗ್ಗೆ ನನ್ನ ಕುರ್ಚಿಯ ಮೇಲೆ ಬೇರೆಯವನೊಬ್ಬ ಕೂತಿದ್ದ. ನಲವತ್ತರ ಆಸುಪಾಸಿನವನು, ಕುಪ್ಪೇಲೂರಿನವನಂತೆ. ಎರಡು ವರ್ಷದಿಂದ ಕೆಲಸ ಹುಡುಕುತ್ತಿದ್ದನಂತೆ. ಅವನ ಕೈಯಲ್ಲಿ ಹೊಸ ಬಟ್ಟೆ, ಹೊಸ ಬಾಟಲಿ. ಪುಸ್ತಕ ಕೊಟ್ಟಿರಲಿಲ್ಲ.

ಯಂತ್ರದ ಮುಂದೆ ನಿಂತೆ. ಇಪ್ಪತ್ತಮೂರು ವರ್ಷ ಈ ಬಾಗಿಲು ನಾನೇ ತೆರೆದಿದ್ದೆ. ಹೆಬ್ಬೆರಳು ಒತ್ತಿದೆ.

ದಯವಿಟ್ಟು ಮತ್ತೆ ಪ್ರಯತ್ನಿಸಿ.

ನನ್ನ ಬೆರಳಿನಲ್ಲಿ ಗೆರೆಗಳಿವೆ. ಎಲ್ಲ ಗೆರೆಗಳೂ ಇವೆ. ಅಂಗಿಗೆ ಉಜ್ಜಿ ಮತ್ತೆ ಒತ್ತಿದೆ. ಅದೇ ಮಾತು, ಅದೇ ಮರ್ಯಾದೆ.

ಹಿಂದೆ ಹಗ್ಗದ ಆ ಕಡೆಯಿಂದ ದಿಲನಾಜ ಕರೆದಳು. ಹನ್ನೊಂದೂ ಮಂದಿ ಇದ್ದರು. ಸೈದಾಬಿಯೂ ಬಂದಿದ್ದಳು, ಜೊತೆಗೆ ಜಯವ್ವ. ಇಬ್ಬರ ಕೈಯಲ್ಲೂ ಬುತ್ತಿಯ ಗಂಟು.

"ಬರ್ರಿ ಕಾಕಾ, ಈ ಕಡೆ ಜಾಗ ಐತಿ. ಹತ್ತೂವರಿ ಬಸ್ಸಿಗೆ ಹಾವೇರಿಗೆ ಹೋಗೂದೈತಿ. ಜಿಲ್ಲಾ ಕಚೇರಿಗೆ. ಪುಸ್ತಕ ತೋರಸ್ತೇವಿ."

"ಅವರೂ ಇಟ್ಟು ಹೋಗ್ರಿ ಅಂದ್ರ?"

"ಅಲ್ಲೇ ಕುಂದ್ರತೇವಿ. ನನ್ನ ಕೆಲಸಾ ಹೋಗೇತಿ, ಹೊತ್ತು ಬೇಕಾದಷ್ಟೈತಿ" ಎಂದಳು ಸೈದಾಬಿ.

ದಿಲನಾಜ ಪುಸ್ತಕ ಬಿಚ್ಚಿ ನನ್ನ ಕೈಗೆ ಕೊಟ್ಟಳು. "ಮೊದಲ ಇವತ್ತಿಂದು ಬರೀರಿ. ಒಂದ್ ದಿನಾನೂ ತಪ್ಪಬಾರ್ದು."

ಬರೆಯಲು ಬಾಗಿದೆ. ಆಗ ಕುರ್ಚಿಯವನು ಎದ್ದ. ನನ್ನ ಮುಖ ನೋಡಲಿಲ್ಲ. ಬಾಟಲಿ ತೆರೆದು, ಬಟ್ಟೆ ನೆನೆಸಿ, ನಾನು ಮುಟ್ಟಿದ ಗಾಜನ್ನು ಒರೆಸಿದ. ಜೋರಾಗಿ ತಿಕ್ಕಿದ.

ಎಂಟು ಐವತ್ತು. ಹನ್ನೊಂದು ಹೆಸರು ಬರೆದೆ. ಕೆಳಗೆ ಹನ್ನೆರಡನೆಯದು ಬರೆದೆ, ಕರಬಸಪ್ಪ. ಒರೆಸಿದೆ ಎಂದು ಬರೆಯುವ ಕೊನೆಯ ಮನೆಯನ್ನು ಖಾಲಿ ಬಿಟ್ಟೆ.